ಜಗಳದ ವಿಷಯ ಬಿಡಿ, ಜಗಳದ ಸುತ್ತು ಹಿಡಿಯಿರಿ: ಭಾವನಾ ಕೇಂದ್ರಿತ ಚಿಕಿತ್ಸೆಯ ದಾರಿಯಲ್ಲಿ ಒಂದು ಮಾರ್ಗದರ್ಶಿ

ಬೆಂಗಳೂರಿನ ವಿಜಯನಗರದ ಒಂದು ಮನೆ ಎಂದುಕೊಳ್ಳಿ. ಗಂಡ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮುಗಿಸಿ, ನೇರಳೆ ಮಾರ್ಗದ ಮೆಟ್ರೊ ಹಿಡಿದು ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಎಂಟಕ್ಕೆ ಬರ್ತೀನಿ ಅಂದಿದ್ದ. ಹೆಂಡತಿ ಸಾರನ್ನು ಎರಡು ಸಲ ಬಿಸಿ ಮಾಡಿದ್ದಾಳೆ.

"ಒಂದು ಫೋನ್ ಮಾಡೋಕೂ ಆಗ್ಲಿಲ್ವಾ?"

"ಮೀಟಿಂಗ್ ಇತ್ತು ಕಣೆ."

"ದಿನಾ ಇದೇ ಆಯ್ತು. ಈ ಮನೆ ನಿನಗೆ ಲಾಡ್ಜ್ ಥರ."

ಅವನು ಸುಮ್ಮನೆ ಕೈ ತೊಳೆದು ತಟ್ಟೆ ಮುಂದೆ ಕೂತು ಫೋನ್ ನೋಡುತ್ತಾನೆ. ಅವಳ ದನಿ ಏರುತ್ತದೆ. ಅವನು ಅರ್ಧ ಊಟಕ್ಕೇ ಎದ್ದು ಬಾಲ್ಕನಿಗೆ ಹೋಗುತ್ತಾನೆ. ಸಾರಿನಿಂದ ಶುರುವಾದ ಮಾತು ಹನ್ನೊಂದು ಗಂಟೆಗೆ ನಾಲ್ಕು ವರ್ಷದ ಹಿಂದಿನ ನಾದಿನಿಯ ಮದುವೆಗೆ ಬಂದು ನಿಂತಿರುತ್ತದೆ.

"ತಡವಾದರೆ ಏಳೂವರೆಗೇ ಮೆಸೇಜ್ ಹಾಕು" ಎಂಬ ಪರಿಹಾರ ಕೊಟ್ಟರೆ ಒಂದು ವಾರ ನಡೆಯುತ್ತದೆ. ಎಂಟನೆಯ ದಿನ ಬೇರೆ ವಿಷಯ ಹಿಡಿದು ಅದೇ ಜಗಳ. ಅವಳು ಆ ಲಾಡ್ಜಿನ ಮಾತಿನೊಳಗೆ ಕೇಳುತ್ತಿದ್ದ ಪ್ರಶ್ನೆ "ಇಡೀ ದಿನದಲ್ಲಿ ಒಂದು ಸಲವಾದರೂ ನಾನು ನಿನ್ನ ನೆನಪಿಗೆ ಬಂದೆನಾ?" ಎಂಬುದು. ಅವನ ಮೌನದೊಳಗೆ ಕೂತಿರುವುದು "ಎಷ್ಟು ದುಡಿದರೂ ಇವಳ ಕಣ್ಣಿಗೆ ನಾನು ಸಾಲುವುದಿಲ್ಲ" ಎಂಬ ಸೋಲು. ಎರಡೂ ಬಾಯಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಸಾರು, ಮೀಟಿಂಗ್, ಲಾಡ್ಜ್.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಎಷ್ಟೋ ಜಗಳಗಳ ಮಟ್ಟಿಗೆ ಅದು ನಿಜ. ಆದರೆ ಉಂಡು ಮಲಗಿ ಎದ್ದ ಮೇಲೂ ಅದೇ ಜಾಗದಿಂದ ಮುಂದುವರಿಯುವ ಜಗಳವಿದ್ದರೆ, ಈ ಬರಹ ಅಂಥವರಿಗೆ.

ಏನಿದು ಚಿಕಿತ್ಸೆ

ಭಾವನಾ ಕೇಂದ್ರಿತ ಚಿಕಿತ್ಸೆಯನ್ನು ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದರು. ಅವರ ಮೊದಲ ಅಧ್ಯಯನ ಪ್ರಕಟವಾದದ್ದು 1985ರಲ್ಲಿ. ದಂಪತಿ ಚಿಕಿತ್ಸೆಗೆ ಜಾನ್ಸನ್ ಬುನಾದಿ ಮಾಡಿಕೊಂಡದ್ದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯವರ ಬಾಂಧವ್ಯ ಸಿದ್ಧಾಂತವನ್ನು. ತಾಯಿ ಕಣ್ಣಿಗೆ ಮರೆಯಾದರೆ ಮಗು ಮೊದಲು ಅಳುತ್ತದೆ, ರಚ್ಚೆ ಹಿಡಿಯುತ್ತದೆ. ಬಹಳ ಹೊತ್ತು ಯಾರೂ ಬರದಿದ್ದರೆ ಕೊನೆಗೆ ಸುಮ್ಮನಾಗಿ ಮುಖ ತಿರುಗಿಸುತ್ತದೆ. ದೊಡ್ಡವರೂ ತಮ್ಮವರು ದೂರವಾದರು ಅನ್ನಿಸಿದಾಗ ಇದನ್ನೇ ಮಾಡುತ್ತೇವೆ. ಬೈಗುಳ ಆ ರಚ್ಚೆ, ಮಾತು ಬಿಡುವುದು ಆ ಮುಖ ತಿರುಗಿಸುವಿಕೆ.

ಚಿಕಿತ್ಸೆಗೆ ಮೂರು ಹಂತ. ಮೊದಲು ಜಗಳದ ಕಾವು ಇಳಿಸಿ ಅದರ ಸುತ್ತನ್ನು, ಅಂದರೆ ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಕೆರಳಿಸುವ ಚಕ್ರವನ್ನು, ಗುರುತಿಸುವುದು. ಆಮೇಲೆ ಒಳಗಿನ ಮೆದು ಭಾವನೆಯನ್ನು ಒಬ್ಬರಿಗೊಬ್ಬರು ಹೇಳಿ, ಕೇಳಿಸಿಕೊಳ್ಳುವುದು. ಕೊನೆಗೆ ಆ ಹೊಸ ರೂಢಿಯಿಂದ ದುಡ್ಡು, ಮಕ್ಕಳು, ಅತ್ತೆ ಮನೆಯಂಥ ಹಳೆಯ ವಿಷಯಗಳನ್ನು ಬಗೆಹರಿಸಿಕೊಳ್ಳುವುದು. ಸಾಮಾನ್ಯವಾಗಿ 8ರಿಂದ 20 ಭೇಟಿ ಬೇಕು. ಬಾಲ್ಯದ ಆಘಾತವಿದ್ದರೆ ಹೆಚ್ಚು. 1999ರಲ್ಲಿ ನಾಲ್ಕು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ 70ರಿಂದ 73 ಶೇಕಡಾ ಜೋಡಿಗಳು ಸಂಬಂಧದ ಸಂಕಟದಿಂದ ಹೊರಬಂದಿದ್ದವು. ಆ ಲೆಕ್ಕ ಮಾಡಿದವರಲ್ಲಿ ಈ ಚಿಕಿತ್ಸೆ ರೂಪಿಸಿದವರೂ ಇದ್ದರು ಎಂಬುದನ್ನು ನೆನಪಿಟ್ಟುಕೊಂಡೇ ಆ ಅಂಕಿಯನ್ನು ಓದಬೇಕು.

ಬೆಂಗಳೂರಿನಲ್ಲಿ ಇದನ್ನು ಹುಡುಕುವವರು ಒಂದು ಗೊಂದಲ ತಪ್ಪಿಸಿಕೊಳ್ಳಿ. ಇದಕ್ಕೆ ಇಎಫ್‌ಟಿ (ಎಮೋಷನಲಿ ಫೋಕಸ್ಡ್ ಥೆರಪಿ) ಎನ್ನುತ್ತಾರೆ. ಬೆರಳಿನಿಂದ ಮುಖ, ಎದೆ ತಟ್ಟಿಕೊಳ್ಳುವ ಇನ್ನೊಂದು ವಿಧಾನಕ್ಕೂ ಇದೇ ಮೂರಕ್ಷರ. ಎರಡಕ್ಕೂ ಸಂಬಂಧವಿಲ್ಲ. ಫೋನಿನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಶುರು ಮಾಡುವ ಮೊದಲು ಒಂದು ತಡೆ

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ, ಮನಸ್ಸು ಬಿಚ್ಚಿ ಮಾತಾಡಿದ್ದಕ್ಕೆ ಆಮೇಲೆ ಶಿಕ್ಷೆ ಸಿಗುತ್ತದೆಂಬ ಭಯವಿದ್ದರೆ ಮುಂದೆ ಹೇಳುವ, ಮನೆಯಲ್ಲೇ ಮಾಡುವ ಐದು ಅಭ್ಯಾಸಗಳಲ್ಲಿ ಯಾವುದನ್ನೂ ಮಾಡಬೇಡಿ. ಮೆದುವಾಗಿ ತೆರೆದುಕೊಳ್ಳುವುದು ಅಂಥ ಮನೆಯಲ್ಲಿ ಅಪಾಯ. ಮೊದಲು ಸುರಕ್ಷತೆ: ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆ 2005ರ ಕಾಯ್ದೆಯೂ ಇದೆ. ಚಿಕಿತ್ಸೆಯಿಲ್ಲದ ಕುಡಿತದ ಚಟ, ಗುಟ್ಟಾಗಿ ಈಗಲೂ ನಡೆಯುತ್ತಿರುವ ಇನ್ನೊಂದು ಸಂಬಂಧ ಇದ್ದಾಗಲೂ ಜೋಡಿ ಚಿಕಿತ್ಸೆ ಫಲಿಸುವುದಿಲ್ಲ; ಮೊದಲು ಅವಕ್ಕೆ ದಾರಿ ಮಾಡಬೇಕು.

ಒಂದು: ಸುತ್ತನ್ನು ಕಾಗದಕ್ಕೆ ಇಳಿಸಿ

ಜಗಳವಾದ 24 ಗಂಟೆಯೊಳಗೆ, ಕಾವು ಇಳಿದ ಮೇಲೆ, ಇಬ್ಬರೂ ಬೇರೆ ಬೇರೆ ಕೂತು 15 ನಿಮಿಷ ಬರೆಯಿರಿ. ನಾಲ್ಕೇ ಸಾಲು. ಕಂಡದ್ದು ಅಥವಾ ಕೇಳಿದ್ದು, ಮೈಯಲ್ಲಿ ಆದದ್ದು, ಮನಸ್ಸು ಹೇಳಿದ್ದು, ನಾನು ಮಾಡಿದ್ದು.

ಆ ವಿಜಯನಗರದ ಮನೆಯಲ್ಲಿ ಅವಳ ಕಾಗದ ಹೀಗಿದ್ದೀತು: ಅವನು ಬಾಲ್ಕನಿಗೆ ಹೋದ. ಗಂಟಲು ಕಟ್ಟಿತು, ಕೈ ತಣ್ಣಗಾಯಿತು. ನಾನು ಇವನಿಗೆ ಲೆಕ್ಕಕ್ಕೇ ಇಲ್ಲ. ದನಿ ಏರಿಸಿದೆ, ಅವನ ತಂಗಿಯ ಮದುವೆ ತೆಗೆದೆ. ಅವನದು: ಅವಳು ದನಿ ಏರಿಸಿದಳು. ಎದೆ ಬಿಗಿಯಿತು, ಕಿವಿ ಬಿಸಿಯಾಯಿತು. ಮತ್ತೆ ಫೇಲಾದೆ, ಬಾಯಿ ತೆರೆದರೆ ಇನ್ನೂ ಹಾಳಾಗುತ್ತದೆ. ಎದ್ದು ಬಾಲ್ಕನಿಗೆ ಹೋದೆ.

ಎರಡು ಕಾಗದ ಪಕ್ಕಪಕ್ಕ ಇಡಿ. ಅವಳ ನಾಲ್ಕನೆಯ ಸಾಲೇ ಅವನ ಮೊದಲ ಸಾಲು; ಅವನ ನಾಲ್ಕನೆಯದೇ ಅವಳ ಮೊದಲನೆಯದು. ಸುತ್ತು ಎಂದರೆ ಇಷ್ಟೇ. ಯಾರು ಶುರು ಮಾಡಿದ್ದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದ ಉರುಳುವ ಚಕ್ರ. ಬೇರೆ ಬೇರೆ ವಿಷಯದ ಮೂರು ಜಗಳಗಳನ್ನು ಹೀಗೆ ಬರೆದರೆ ಎರಡು, ಮೂರನೆಯ ಸಾಲುಗಳು ಹೆಚ್ಚುಕಮ್ಮಿ ಒಂದೇ ಆಗಿರುವುದು ಕಾಣುತ್ತದೆ.

ಇಲ್ಲಿ ತಪ್ಪುವುದು ಮೊದಲ ಸಾಲಿನಲ್ಲಿ. "ಬೇಕಂತಲೇ ತಡ ಮಾಡಿದ" ಎಂದು ಬರೆಯುತ್ತೇವೆ. ಅದು ತೀರ್ಪು, ಮೂರನೆಯ ಸಾಲಿಗೆ ಸೇರಿದ್ದು. ಗೋಡೆಯ ಮೇಲೊಂದು ಕ್ಯಾಮೆರಾ ಇದ್ದಿದ್ದರೆ ಏನು ದಾಖಲಾಗುತ್ತಿತ್ತೋ ಅಷ್ಟೇ ಮೊದಲ ಸಾಲಿಗೆ. ಇನ್ನೊಂದು ತಪ್ಪು ಎಂದರೆ ಎರಡನೆಯ ಸಾಲನ್ನು ಖಾಲಿ ಬಿಡುವುದು. "ಮೈಯಲ್ಲಿ ಏನೂ ಆಗ್ಲಿಲ್ಲ" ಅನ್ನುವವರು ಮುಂದಿನ ಸಲ ಹಲ್ಲು ಕಚ್ಚಿದ್ದೀರಾ, ಉಸಿರು ಹಿಡಿದಿದ್ದೀರಾ, ಹೊಟ್ಟೆಯಲ್ಲಿ ಕಿವುಚಿದಂತಾಯಿತೇ ಎಂದು ಇವು ಮೂರನ್ನಷ್ಟೇ ಗಮನಿಸಲಿ.

ಹೆಚ್ಚಿನ ಮನೆಗಳಲ್ಲಿ ಒಬ್ಬರು ಬೆನ್ನು ಹತ್ತುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಕೆಲವೆಡೆ ಇಬ್ಬರೂ ಬೆರಳು ತೋರಿಸುತ್ತಾರೆ. ಇಬ್ಬರೂ ಸರಿದುಕೊಂಡ ಮನೆಯೂ ಇದೆ. "ನಮ್ಮಲ್ಲಿ ಜಗಳವೇ ಇಲ್ಲ" ಎಂದು ಹೇಳಿಕೊಳ್ಳುವ ಆ ಮನೆಗೇ ಹೆಚ್ಚು ತುರ್ತು ಎಂದು ನಮ್ಮ ಅಭಿಪ್ರಾಯ. ಬೆನ್ನು ಹತ್ತುತ್ತಿದ್ದವರು ಸೋತು ಕೈಬಿಟ್ಟಾಗ ಬರುವ ಶಾಂತಿ ಅದಾಗಿರಬಹುದು.

ಸುತ್ತಿಗೆ ಇಬ್ಬರೂ ಸೇರಿ ಒಂದು ಹೆಸರಿಡಿ. ಈ ಮನೆಯಲ್ಲಿ "ಸಾರಿನ ಸುತ್ತು". ಆಮೇಲೆ ಅತ್ತೆ ಮಾವ ಎದುರಿಗಿದ್ದರೂ "ಸಾರು ಕುದೀತಿದೆ ಕಣೋ" ಅಂದರೆ ಇಬ್ಬರಿಗೂ ಅರ್ಥವಾಗುತ್ತದೆ. "ನೋಡು, ಮತ್ತೆ ನೀನೇ ಸುತ್ತು ಶುರು ಮಾಡ್ದೆ" ಅಂದರೆ ಮಾತ್ರ ಹೆಸರಿಟ್ಟದ್ದೂ ಎಸೆಯುವ ಕಲ್ಲಾಗುತ್ತದೆ. "ನಾವು ಸಿಕ್ಕಿಹಾಕ್ಕೊಂಡ್ವಿ" ಎನ್ನಿ.

ಎರಡು: "ಬೇಜಾರು" ಎಂಬ ಮೂಟೆ ಬಿಚ್ಚಿ

ಕನ್ನಡದ ಮನೆಗಳಲ್ಲಿ ಈ ಕೆಲಸಕ್ಕೆ ಎಲ್ಲಕ್ಕಿಂತ ಅಡ್ಡ ಬರುವ ಪದ ಬೇಜಾರು. ಮಳೆಗೆ ಕರೆಂಟ್ ಹೋದರೂ ಬೇಜಾರು, ಅಪ್ಪ ತೀರಿಹೋದರೂ ಬೇಜಾರು, ಗಂಡ ಹುಟ್ಟಿದ ದಿನ ಮರೆತರೂ ಬೇಜಾರು. "ನನಗೆ ಬೇಜಾರಾಯ್ತು" ಅಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಹೋಗ್ಲಿ ಬಿಡು" ಅಂದುಬಿಡುತ್ತಾರೆ.

ಹಾಗಾಗಿ ಒಂದು ಕರಾರು ಮಾಡಿಕೊಳ್ಳಿ. ಬೇಜಾರು ಎಂದವರು ಅದರೊಳಗಿನ ಇನ್ನೊಂದು ಪದ ಹುಡುಕಬೇಕು. ಅವಮಾನವೇ? ಒಂಟಿ ಅನ್ನಿಸಿತೇ? ಕೈಬಿಟ್ಟರು ಎಂಬ ದಿಗಿಲೇ? ಅಳುಕೇ, ತಳಮಳವೇ, ನಾಚಿಕೆಯೇ, ಸೋತೆ ಎಂಬ ಸಂಕಟವೇ? ನಮ್ಮ ಭಾಷೆಯಲ್ಲಿ ಇವಕ್ಕೆ ಬರವಿಲ್ಲ. ಮುನಿಸು ಎಂಬ ಪದವನ್ನೇ ನೋಡಿ. ಸಿಟ್ಟು ಯಾರ ಮೇಲಾದರೂ ಬರುತ್ತದೆ; ಮುನಿಸಿಕೊಳ್ಳುವುದು ನಮ್ಮವರ ಮೇಲೆ ಮಾತ್ರ, ಬಂದು ಕರೆಯಲಿ ಎಂಬ ಆಸೆ ಇಟ್ಟುಕೊಂಡೇ. "ಸಿಟ್ಟಲ್ಲ, ಮುನಿಸು" ಎಂದು ಒಬ್ಬರು ಹೇಳಿದರೆ ಅರ್ಧ ಕೆಲಸವಾದಂತೆ.

ಸಿಟ್ಟು ಸುಳ್ಳಲ್ಲ. ಆದರೆ ಈ ಚಿಕಿತ್ಸೆ ಅದನ್ನು ಹೆಚ್ಚಿನ ವೇಳೆ ಮೇಲ್ಪದರ ಎಂದು ನೋಡುತ್ತದೆ. ಸಿಟ್ಟು ಏಳುವ ಅರೆಗಳಿಗೆ ಮೊದಲು ಏನಿತ್ತು ಎಂದು ಹಿಂದಕ್ಕೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಭಯ, ನೋವು ಅಥವಾ ನಾಚಿಕೆ.

ಅಂತರಭಾಷಾ ಮದುವೆ ಈ ಊರಿನಲ್ಲಿ ಮಾಮೂಲು. ಎಷ್ಟೋ ಜೋಡಿಗಳು ಮನೆಯಲ್ಲಿ ಆಡುವುದು ಇಂಗ್ಲಿಷ್. ಭಾವನೆಯ ಪದ ಮಾತ್ರ ನಿಮ್ಮ ತಾಯ್ನುಡಿಯಲ್ಲೇ ಬರಲಿ. ತೆಲುಗೋ ತಮಿಳೋ ಕೊಡವ ತಕ್ಕೋ, ಆ ಪದ ಆಡಿ, ಆಮೇಲೆ ಅರ್ಥ ಹೇಳಿ.

ಮೂರು: ಕಾವೇರಿದಾಗ ನಿಲ್ಲಿಸುವ ಕ್ರಮ

ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ಅಳೆದ ಅಮೆರಿಕದ ಜಾನ್ ಗಾಟ್‌ಮನ್ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಮಾತು ತಲೆಗೆ ಹೋಗುವುದಿಲ್ಲ ಎನ್ನುತ್ತಾರೆ. ಇಳಿಯಲು ಕನಿಷ್ಠ 20 ನಿಮಿಷ ಬೇಕು. ಇದು ಬೇರೆ ಪಂಥದ ಮಾತಾದರೂ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ.

ಎದ್ದು ಹೋಗುವುದು ತಪ್ಪಲ್ಲ, ಹೇಳದೆ ಹೋಗುವುದು ಸುತ್ತಿಗೆ ಎಣ್ಣೆ. ಹೀಗೆ ಹೇಳಿ: "ನನ್ನ ತಲೆ ಬಿಸಿಯಾಗಿದೆ. ನಿನ್ನ ಬಿಟ್ಟು ಹೋಗ್ತಿಲ್ಲ. ಹತ್ತೂಕಾಲಿಗೆ ವಾಪಸ್ ಬಂದು ಕೂತ್ಕೋತೀನಿ." ಗಡಿಯಾರದ ಸಮಯವನ್ನೇ ಹೇಳಬೇಕು, "ಆಮೇಲೆ" ಎಂಬ ಪದ ಬೆನ್ನು ಹತ್ತುವವರಿಗೆ "ಎಂದಿಗೂ ಇಲ್ಲ" ಎಂದೇ ಕೇಳಿಸುತ್ತದೆ. ಎದ್ದು ಹೋದವರೇ ಮೊದಲು ಬಂದು ಮಾತು ಎತ್ತಬೇಕು. ಆ 20 ನಿಮಿಷ ಮನಸ್ಸಿನಲ್ಲಿ ಉತ್ತರ ಮಸೆಯುತ್ತ ಕೂತರೆ ಬಡಿತ ಇಳಿಯುವುದಿಲ್ಲ. ಗಿಡಕ್ಕೆ ನೀರು ಹಾಕಿ, ಪಾತ್ರೆ ತೊಳೆಯಿರಿ, ಬೀದಿಯ ಕೊನೆಯವರೆಗೆ ನಡೆದು ಬನ್ನಿ.

ಮನೆಗೆ ಬರುವ ಹೊತ್ತೇ ಸುತ್ತಿನ ಬಾಗಿಲಾದರೆ ದಾರಿಯಲ್ಲೇ ಸಿದ್ಧತೆ ಬೇಕು. ಮಾಗಡಿ ರಸ್ತೆ ನಿಲ್ದಾಣ ದಾಟಿದ ಮೇಲೆ ಫೋನ್ ಜೇಬಿಗೆ. ಹೊಸಹಳ್ಳಿ, ವಿಜಯನಗರ ಬರುವಷ್ಟರಲ್ಲಿ ಆಫೀಸನ್ನು ಕೆಳಗಿಡಿ. ಬಾಗಿಲು ತೆರೆದ ಮೊದಲ ಐದು ನಿಮಿಷ ಲೆಕ್ಕಾಚಾರ, ದೂರು, ಫೋನ್ ಯಾವುದೂ ಬೇಡ, ಇಬ್ಬರ ಕಡೆಯಿಂದಲೂ.

ನಾಲ್ಕು: ವಾರಕ್ಕೆರಡು ಸಲ 20 ನಿಮಿಷ

ಎರಡು ಕೋಣೆಯ ಮನೆಯಲ್ಲಿ ಹಿರಿಯರು, ಮಕ್ಕಳು ಇರುವಾಗ ಜಾಗವೇ ಮೊದಲ ಸಮಸ್ಯೆ. ತಾರಸಿ, ನಿಲ್ಲಿಸಿದ ಕಾರು, ಬೆಳಗಿನ ಲಾಲ್‌ಬಾಗ್ ಯಾವುದಾದರೂ ಸರಿ. ಹಿಂದೆ ಸರಿಯುವವರಿಗೆ ಎದುರುಬದುರು ಕೂರುವುದಕ್ಕಿಂತ ಪಕ್ಕಪಕ್ಕ ನಡೆಯುವುದು ಸಲೀಸು. ಮಲಗುವ ಹೊತ್ತು ಬೇಡ. ಕಾರು ಓಡಿಸುತ್ತಿರುವಾಗಂತೂ, ಅದೂ ಸಿಲ್ಕ್ ಬೋರ್ಡ್ ಹತ್ತಿರ, ಬೇಡವೇ ಬೇಡ.

ಒಂದು ಭೇಟಿಗೆ ಒಬ್ಬರೇ ಹೇಳುವವರು, ಒಂದೇ ಭಾವನೆ. ಉದ್ದ ಬೇಡ, ನಾಲ್ಕು ವಾಕ್ಯ ಸಾಕು:

"ನೀನು ತಟ್ಟೆ ಮುಂದೆ ಫೋನ್ ನೋಡ್ದಾಗ ನನಗೆ ಒಂಟಿ ಅನ್ನಿಸುತ್ತೆ. ಈ ಮನೇಲಿ ನಾನಿದ್ದೀನೋ ಇಲ್ವೋ ಅಂತ ದಿಗಿಲಾಗುತ್ತೆ. ಆಗ ನಾನು ಚುಚ್ಚಿ ಮಾತಾಡ್ತೀನಿ. ಆ ಹೊತ್ತಲ್ಲಿ ನನಗೆ ಬೇಕಿರೋದು ನೀನು ಒಂದು ಸಲ ನನ್ನ ಮುಖ ನೋಡೋದು."

ಕೇಳುವವರ ಕೆಲಸ ಇನ್ನೂ ಕಷ್ಟದ್ದು. ಅವರದೇ ಪದಗಳಲ್ಲಿ ವಾಪಸ್ ಹೇಳಿ: "ಇದ್ದೀನೋ ಇಲ್ವೋ ಅಂತ ದಿಗಿಲಾಗುತ್ತೆ ಅಂದೆ." ಮೆಲ್ಲಗೆ, ದನಿ ತಗ್ಗಿಸಿ. ಆಮೇಲೆ "ಇನ್ನೂ ಏನಾದ್ರೂ ಇದೆಯಾ?" ಕೊನೆಗೆ ಅದನ್ನು ಕೇಳಿ ತಮಗೇನಾಯಿತು ಎಂದು ಒಂದು ವಾಕ್ಯ. ಚಿಕಿತ್ಸಕರು ಇಡೀ ಗಂಟೆ ಮಾಡುವುದೂ ಬಹುಮಟ್ಟಿಗೆ ಇದನ್ನೇ: ನಿಧಾನ, ಮೆದು, ಸರಳ, ಮತ್ತೆ ಮತ್ತೆ, ಎದುರಿನವರ ಪದದಲ್ಲೇ.

ಕೆಡುವುದು ಎಲ್ಲಿ? ಕೇಳುವವರು ಪರಿಹಾರ ಕೊಡುತ್ತಾರೆ: "ಸರಿ, ನಾಳೆಯಿಂದ ಫೋನ್ ಆಫ್." ಹೇಳುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚುತ್ತದೆ. "ನನಗೂ ಹಾಗೇ ಆಗುತ್ತೆ" ಅನ್ನುವುದೂ ಅಷ್ಟೇ. ನಿಮ್ಮ ಸರದಿ ಮುಂದಿನ ಸಲ. ಕಣ್ಣೀರು ಬಂದರೆ ಗಾಬರಿಯಾಗಿ "ಅಳ್ಬೇಡ, ಅಳ್ಬೇಡ" ಅನ್ನುತ್ತಾರೆ. ಅಳಲಿ, ಪಕ್ಕದಲ್ಲಿರಿ. ಇನ್ನು "ನೀನು ಸ್ವಾರ್ಥಿ ಅನ್ನಿಸುತ್ತೆ" ಎಂಬುದರಲ್ಲಿ ಅನ್ನಿಸುತ್ತೆ ಇದ್ದ ಮಾತ್ರಕ್ಕೆ ಅದು ಭಾವನೆಯಾಗುವುದಿಲ್ಲ.

ಸರದಿಯಲ್ಲೂ ಒಂದು ಗುಟ್ಟಿದೆ. ಚಿಕಿತ್ಸೆಯಲ್ಲಿ ಮೊದಲು ಹೊರಗೆ ಬರುವಂತೆ ಮಾಡುವುದು ಹಿಂದೆ ಸರಿಯುವವರನ್ನು. ಅವರು ಬಂದು ನಿಂತ ಮೇಲೆಯೇ ಬೆನ್ನು ಹತ್ತುವವರಿಗೆ ಮೆದುವಾಗಿ ಕೇಳಲು ಹೇಳುತ್ತಾರೆ. ಅದು ತಿರುಗುಮುರುಗಾದರೆ, ಅವಳು ಧೈರ್ಯ ಮಾಡಿ ಕೈ ಚಾಚಿದಾಗ ಅತ್ತ ಯಾರೂ ಇರುವುದಿಲ್ಲ. ಹಾಗೆ ಬಿದ್ದವರು ಮತ್ತೆ ಕೈ ಚಾಚಲು ಬಹಳ ಕಾಲ ಬೇಕು. ಹಾಗಾಗಿ ಮೊದಲ ಎರಡು ವಾರ ಬಾಲ್ಕನಿಗೆ ಹೋಗುವವರೇ ಹೇಳುವವರಾಗಲಿ. "ನನಗೆ ಮಾತು ಬರ್ತಿಲ್ಲ, ಆದ್ರೆ ಇಲ್ಲೇ ಇದ್ದೀನಿ" ಎಂಬಷ್ಟಾದರೂ ಅವರಿಗೆ ಅದು ದೊಡ್ಡ ಹೆಜ್ಜೆ.

ಐದು: ಮಾಯದ ಗಾಯ

ಕೆಲವು ಘಟನೆಗಳು ಪ್ರತಿ ಜಗಳದಲ್ಲೂ ತಲೆ ಎತ್ತುತ್ತವೆ. ಬಾಣಂತನಕ್ಕೆ ತವರಿಗೆ ಹೋದವಳನ್ನು ನೋಡಲು ಮೂರು ವಾರ ಬಾರದ ಗಂಡ. ಅಪ್ಪ ಐಸಿಯುನಲ್ಲಿದ್ದಾಗ ಪಕ್ಕದಲ್ಲಿರದ ಹೆಂಡತಿ. ಅತ್ಯಂತ ಬೇಕಾದ ಹೊತ್ತಲ್ಲಿ ಕೈಬಿಟ್ಟ ಇಂಥ ಘಟನೆಗಳನ್ನು ಬಾಂಧವ್ಯದ ಗಾಯ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. "ಹಳೇದನ್ನ ಯಾಕೆ ಕೆದಕ್ತೀಯ" ಎಂಬ ಮಾತು ಇದನ್ನು ಮುಚ್ಚುವುದಿಲ್ಲ, ಕೀವಾಗಿಸುತ್ತದೆ.

ಮಾಯಿಸುವ ಕ್ರಮ ಹೀಗಿದೆ. ನೊಂದವರು ಆ ದಿನದ ಒಂದು ಗಳಿಗೆಯನ್ನು ಹೇಳುತ್ತಾರೆ, ಆರೋಪಪಟ್ಟಿಯನ್ನಲ್ಲ: "ಆಸ್ಪತ್ರೆ ಬಾಗಿಲು ತೆರೆದಾಗಲೆಲ್ಲ ನೀನಿರಬಹುದು ಅಂತ ನೋಡ್ತಿದ್ದೆ." ಇನ್ನೊಬ್ಬರು ಕಾರಣ ಹೇಳದೆ ಕೇಳುತ್ತಾರೆ, ರಜೆ ಸಿಗಲಿಲ್ಲ ಎಂಬುದು ನಿಜವಿದ್ದರೂ ಇವತ್ತು ಬೇಡ. ಆ ನೋವಿನ ಗಾತ್ರ ತಮಗೆ ತಟ್ಟಿತೆಂದು ಮುಖದಲ್ಲಿ, ಮಾತಿನಲ್ಲಿ ಕಾಣಬೇಕು. ಆಮೇಲೆ ಪಶ್ಚಾತ್ತಾಪ. ಆಮೇಲೆ ನೊಂದವರು ಅಂದು ಬೇಕಿದ್ದುದನ್ನು ಇಂದು ಕೇಳುತ್ತಾರೆ, ಇನ್ನೊಬ್ಬರು ಇಂದು ಕೊಡುತ್ತಾರೆ. ಮಧ್ಯದ ಮೆಟ್ಟಿಲು ಹಾರಿ ನೇರ "ಸಾರಿ" ಅಂದರೆ ನೂರು ಸಲ ಅಂದರೂ ಗಾಯ ಮಾಯುವುದಿಲ್ಲ. ದ್ರೋಹ, ಗರ್ಭಪಾತ, ಮಗುವಿನ ಸಾವಿನಂಥ ಗಾಯಗಳನ್ನು ಮನೆಯಲ್ಲಿ ಮುಟ್ಟದೆ ಚಿಕಿತ್ಸಕರೆದುರೇ ತೆರೆಯಿರಿ.

ಒಬ್ಬರೇ ಇರುವವರಿಗೆ, ಅಥವಾ ಸಂಗಾತಿ ಒಲ್ಲೆ ಅಂದರೆ

ವ್ಯಕ್ತಿಗತ ಚಿಕಿತ್ಸೆಗೂ ಈ ವಿಧಾನವಿದೆ. ನಾಲ್ಕು ಸಾಲಿನ ಕಾಗದವನ್ನು ನಿಮ್ಮ ಕಡೆಯದಷ್ಟೇ ಬರೆದರೂ ಕೆಲಸ ಮಾಡುತ್ತದೆ. ನಿಮ್ಮ ನಾಲ್ಕನೆಯ ಸಾಲು ಬದಲಾದರೆ ಎದುರಿನವರ ಮೊದಲ ಸಾಲು ಬದಲಾಗಲೇಬೇಕು. ಮುಂದೆ ಬೇರೆಯಾಗಿ ಬೆಳೆದ ಗ್ರೀನ್‌ಬರ್ಗ್ ಅವರ ಕವಲಿನಲ್ಲಿ ಖಾಲಿ ಕುರ್ಚಿಯ ಅಭ್ಯಾಸ ಮುಖ್ಯವಾದದ್ದು: ತೀರಿಹೋದ ಅಪ್ಪನನ್ನೋ ಮಾತುಬಿಟ್ಟ ಅಣ್ಣನನ್ನೋ ಎದುರಿನ ಕುರ್ಚಿಯಲ್ಲಿ ಕಲ್ಪಿಸಿಕೊಂಡು ಹೇಳದೆ ಉಳಿದದ್ದನ್ನು ಹೇಳುವುದು. ಸಣ್ಣ ಮುನಿಸಿಗೆ ಮನೆಯಲ್ಲೇ 10 ನಿಮಿಷ ಮಾಡಬಹುದು. ದೌರ್ಜನ್ಯ ಮಾಡಿದವರನ್ನು ಒಬ್ಬರೇ ಇರುವಾಗ ಆ ಕುರ್ಚಿಯಲ್ಲಿ ಕೂರಿಸಬೇಡಿ.

ಸರಿಯಾದವರನ್ನು ಹುಡುಕುವುದು

ಆರು ವಾರ ಮಾಡಿಯೂ ಸುತ್ತು ಸಡಿಲವಾಗದಿದ್ದರೆ, ಅಥವಾ 20 ನಿಮಿಷದ ಮಾತು ಪ್ರತಿ ಸಲ ಜಗಳವಾದರೆ, ಚಿಕಿತ್ಸಕರ ಬಳಿ ಹೋಗಿ. ಬೋರ್ಡಿನಲ್ಲಿ ಕೌನ್ಸೆಲರ್ ಎಂದಿದ್ದ ಮಾತ್ರಕ್ಕೆ ತರಬೇತಿ ಇದೆ ಎಂದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸಂಖ್ಯೆ ಕೇಳುವುದು ಅಗೌರವವಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕುಟುಂಬ, ದಂಪತಿಗಳಿಗೆಂದೇ ಸೇವೆ ಇದೆ. ಮೊದಲು ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಇವತ್ತೇ ಆ ಸಂಖ್ಯೆಗೆ ಕರೆ ಮಾಡಿ.

ಖಾಸಗಿಯಾಗಿ ಹೋಗುವವರು ಮೊದಲ ಫೋನಿನಲ್ಲೇ ಕೇಳಬೇಕಾದವು: ಭಾವನಾ ಕೇಂದ್ರಿತ ದಂಪತಿ ಚಿಕಿತ್ಸೆಯಲ್ಲಿ ತರಬೇತಿ ಎಷ್ಟು? ಅದರ ಆರಂಭದ ತರಬೇತಿ ನಾಲ್ಕು ದಿನದ್ದು. ಅಷ್ಟೇ ಆಗಿದೆಯೋ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮುಂದುವರಿದಿದ್ದಾರೋ? ಕನ್ನಡದಲ್ಲಿ ನಡೆಸುತ್ತೀರಾ? ಭೇಟಿ ಎಷ್ಟು ನಿಮಿಷ, ಶುಲ್ಕ ಎಷ್ಟು, ರದ್ದು ಮಾಡಿದರೆ ಏನು? ಎಲ್ಲಕ್ಕಿಂತ ಮುಖ್ಯ: ಒಬ್ಬೊಬ್ಬರನ್ನೇ ನೋಡುವ ಭೇಟಿಯಲ್ಲಿ ಒಬ್ಬರು ಗುಟ್ಟು ಹೇಳಿದರೆ ನೀವೇನು ಮಾಡುತ್ತೀರಿ? ಈ ಪ್ರಶ್ನೆಗೆ ತಡವರಿಸುವವರ ಬಳಿ ಹೋಗಬೇಡಿ.

ಮೊದಲ ಭೇಟಿಗಳಲ್ಲಿ ಸಂಬಂಧದ ಚರಿತ್ರೆ, ಒಬ್ಬೊಬ್ಬರ ಜೊತೆ ಬೇರೆಯಾಗಿ ಒಂದು ಮಾತುಕತೆ, ಆಮೇಲೆ ಸುತ್ತಿನ ಹುಡುಕಾಟ. ಯಾರು ಸರಿ ಎಂಬ ತೀರ್ಪು ಸಿಗುವುದಿಲ್ಲ. ನಡುನಡುವೆ "ಇದನ್ನು ಅವರ ಕಡೆ ತಿರುಗಿ ಹೇಳ್ತೀರಾ?" ಎಂದು ಕೇಳುತ್ತಾರೆ. ವಿಚಿತ್ರ ಅನ್ನಿಸಿದರೂ ತಿರುಗಿ ಹೇಳಿ. ಮೂರನೆಯ, ನಾಲ್ಕನೆಯ ಭೇಟಿಯ ಹೊತ್ತಿಗೆ ಚಿಕಿತ್ಸಕರು ಒಬ್ಬರ ಪರ ಎಂದು ಅನ್ನಿಸಿದರೆ ಬಿಟ್ಟುಬಿಡುವ ಮೊದಲು ಅವರೆದುರೇ ಆಡಿ. ಒಳ್ಳೆಯ ಚಿಕಿತ್ಸಕರು ಅದರಿಂದಲೇ ಕೆಲಸ ಶುರು ಮಾಡುತ್ತಾರೆ.

ಸುತ್ತು ವಾಪಸ್ ಬರುತ್ತದೆ. ಗೌರಿ ಹಬ್ಬಕ್ಕೆ ಯಾರ ಮನೆಗೆ ಎಂಬಲ್ಲಿ, ಮಗುವಿನ ಶಾಲೆ ಸೇರ್ಪಡೆಯಲ್ಲಿ, ಕೆಲಸ ಹೋದ ತಿಂಗಳಲ್ಲಿ. ಆಗ ಜಗಳವಾಯಿತೇ ಎಂದು ಎಣಿಸಬೇಡಿ, ಮತ್ತೆ ಹತ್ತಿರವಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಮೊದಲು ನಾಲ್ಕು ದಿನ ಮಾತು ಬಿಡುತ್ತಿದ್ದವರು ಒಂದು ಸಂಜೆಗೆ ಬಂದಿದ್ದರೆ ದಾರಿ ಸರಿಯಿದೆ. ಆ ಮೊದಲ ಎರಡು ಕಾಗದಗಳನ್ನು ಹರಿಯದೆ ಬೀರುವಿನಲ್ಲಿಟ್ಟು, ಮೂರು ತಿಂಗಳ ನಂತರ ಹೊಸ ಜಗಳದ ಕಾಗದದ ಪಕ್ಕ ಇಟ್ಟು ಇಬ್ಬರೂ ಒಟ್ಟಿಗೆ ಓದಿ.